ಎಣಿಸಿ ಹಾಕಿದ ನಡುಕ

ಶುಕ್ರವಾರ, ಬೆಳಗಿನ ಐದೂವರೆ. ತಗಡಿನ ಛಾವಣಿಯ ಮೇಲೆ ಏಪ್ರಿಲ್ ಗಾಳಿ ಮರಳು ಎರಚಿದಂತೆ ಸದ್ದು ಮಾಡುತ್ತಿದೆ. ಆಗಸ್ಟ್ ತಿಂಗಳಲ್ಲಿ ಇದೇ ಸಭಾಂಗಣದಲ್ಲಿ ಬಹುಮಾನದ ಕರುಗಳನ್ನು ಸಾಲಾಗಿ ಕಟ್ಟುತ್ತಾರೆ. ಎಷ್ಟು ತೊಳೆದರೂ ನೆಲದಿಂದ ಆ ವಾಸನೆ ಪೂರ್ತಿ ಹೋಗುವುದಿಲ್ಲ. ಈಗ ಅಲ್ಲಿ ನೂರಾ ಎಂಬತ್ತೆರಡು ಕೌದಿಗಳು ಕಪ್ಪು ಪರದೆಗಳ ಮುಂದೆ ತೂಗುತ್ತಿವೆ. ಆರ್ವಿಲಾ ನೈಗ್ರೆನ್ ಒಬ್ಬರೇ, ಕೈಯಲ್ಲಿ ಅಂಟುಪಟ್ಟಿಯ ಉರುಳೆ ಹಿಡಿದು, ಒಂದೊಂದು ಕೌದಿಯ ಮೈಮೇಲಿನ ಎಳೆ, ಕೂದಲು, ಧೂಳು ಎತ್ತುತ್ತಿದ್ದಾರೆ. ಬಾಗಿಲು ತೆರೆಯುವುದು ಒಂಬತ್ತಕ್ಕೆ. ಅಷ್ಟರಲ್ಲಿ ಎಲ್ಲವೂ ಮುಗಿಯಬೇಕು.

"ಈ ಯಮ್ಮನ ಮನೇಲಿ ಎರಡು ಬೆಕ್ಕಿದಾವೆ," ಎಂದು ಉರುಳೆಯನ್ನು ದೀಪಕ್ಕೆ ಹಿಡಿದು ಹೇಳುತ್ತಾರೆ. "ಒಂದು ಬಿಳೀದು, ಒಂದು ಕೆಂದು. ಕೆಂದು ಬೆಕ್ಕು ಹೊಲಿಯೋವಾಗ ತೊಡೆ ಮೇಲೇ ಮಲಗಿರುತ್ತೆ, ನೋಡಿ, ಕೂದಲು ದಾರದೊಳಗೇ ಸೇರ್ಕೊಂಡಿದೆ."

ಆರ್ವಿಲಾಗೆ ಅರವತ್ತೆಂಟು. ಲಿಂಡ್‌ಹೋಮ್ ಊರಿನ ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಕೆಲಸ. ದಿನಕ್ಕೆ ಇನ್ನೂರು ಹಾಸಿಗೆ ಬಟ್ಟೆ ಮಡಚುತ್ತಾರೆ. ವರ್ಷದ ರಜೆಯಲ್ಲಿ ಹನ್ನೆರಡು ದಿನವನ್ನು ಏಪ್ರಿಲ್‌ಗೆಂದು ಉಳಿಸಿಕೊಂಡು ಈ ಕೌದಿ ಪ್ರದರ್ಶನಕ್ಕೆ ಬರುತ್ತಾರೆ. ಇದು ಇಪ್ಪತ್ತಾರನೇ ವರ್ಷ. ಪೆಟ್ಟಿಗೆ ಬಿಚ್ಚುವುದು, ಸುಕ್ಕು ಬಿಡಿಸುವುದು, ಕೌದಿಯ ಬೆನ್ನಿಗೆ ಹೊಲಿದ ತೋಳಿನಂಥ ಬಟ್ಟೆಯೊಳಗೆ ಕೋಲು ತೂರಿಸಿ ನೇತುಹಾಕುವುದು, ಕೊನೆಗೆ ಅದೇ ಪೆಟ್ಟಿಗೆಗೆ ಅದೇ ಮಡಿಕೆಯಲ್ಲಿ ತುಂಬುವುದು. ಪ್ರದರ್ಶನದ ಪುಸ್ತಿಕೆಯಲ್ಲಿ ಈ ಕೆಲಸದವರ ಹೆಸರು ಇರುವುದಿಲ್ಲ. ಇರಬೇಕೆಂದು ಯಾರೂ ಕೇಳಿದವರೂ ಇಲ್ಲ.

ಆದರೆ ಆರ್ವಿಲಾ ತಮ್ಮದೆಂದು ಹೇಳಿಕೊಳ್ಳುತ್ತಿದ್ದ ಕೆಲಸ ಬೇರೆ. ತೀರ್ಪಿನ ದಿನ ಕೌದಿ ಹಿಡಿಯುವುದು. ಹಿಡಿಯುವವರು ಇಬ್ಬರು. ಆಚೆ ಮೂಲೆ ಬರ್ನೆಟ್, ಈಚೆ ಮೂಲೆ ಆರ್ವಿಲಾ. ಮಾಡಿದವರ ಹೆಸರಿನ ಮೇಲೆ ಬಟ್ಟೆ ಹೊಲಿದು ಮುಚ್ಚಿರುತ್ತಾರೆ. ತೀರ್ಪುಗಾರ್ತಿ ನೋಡುತ್ತಾರೆ, ಬಗ್ಗುತ್ತಾರೆ, ಹೇಳುತ್ತಾರೆ. ಪಕ್ಕದಲ್ಲಿ ಕೂತ ನೆಡ್ರಾ ಬರೆದುಕೊಳ್ಳುತ್ತಾರೆ; ಪ್ರದರ್ಶನ ಮುಗಿದ ಮೇಲೆ ಆ ಹಾಳೆ ಕೌದಿ ಮಾಡಿದವರಿಗೆ ಹೋಗುತ್ತದೆ. ಒಂದು ಕೌದಿಗೆ ಎರಡೂವರೆ ನಿಮಿಷ. ಕೊನೆಯಲ್ಲಿ ಬರುವುದು ಎರಡೇ ಮಾತು. "ಇರಲಿ" ಎಂದರೆ ಬಹುಮಾನದ ಸಾಲಿಗೆ. "ಬಿಡಿ" ಎಂದರೆ ಅಲ್ಲಿಗೆ ಮುಗಿಯಿತು. ಹಿಡಿದವರು ಮಾತಾಡಬಾರದು, ಮುಖ ಬದಲಾಗಬಾರದು, ಕೇಳಿದ್ದನ್ನು ಹೊರಗೆ ಹೇಳಬಾರದು.

"ಗೋಡೆ ಥರ ನಿಂತ್ಕೋಬೇಕು," ಎನ್ನುತ್ತಾರೆ ಆರ್ವಿಲಾ. "ಬರ್ನೆಟ್‌ಗೆ ಕಷ್ಟ. ಅವಳ ಹುಬ್ಬು ಸುಮ್ನಿರಲ್ಲ. ನಂಗೆ ಸುಲಭ. ನಮ್ಮಕ್ಕ ಹೇಳೋಳು, ನೀನು ಹುಟ್ಟಿದಾಗ್ಲೇ ಗೋಡೆ ಥರ ಇದ್ದೆ ಕಣೇ, ಅಮ್ಮ ನಿನ್ನ ಮೇಲೆ ಕ್ಯಾಲೆಂಡರ್ ನೇತುಹಾಕೋಕೆ ಹೋಗಿದ್ಲು ಅಂತ."

ಅಕ್ಕ ಡಾರ್ಲೀನ್. ಗಂಡಂದಿರು ತೀರಿಕೊಂಡ ಮೇಲೆ ಇಬ್ಬರೂ ಒಂದೇ ಮನೆಯಲ್ಲಿದ್ದರು. ಡಾರ್ಲೀನ್ ಈ ಪ್ರದರ್ಶನಕ್ಕೆ ಹನ್ನೊಂದು ಸಲ ಕೌದಿ ಕಳಿಸಿದವರು. ಮೊದಲು ಫೋಟೋ ಕಳಿಸಬೇಕು. ನಾನೂರು ಫೋಟೋಗಳಲ್ಲಿ ಇನ್ನೂರೂ ದಾಟುವುದಿಲ್ಲ. ಏಳು ಸಲ ಫೋಟೋದಲ್ಲೇ ಮುಗಿಯಿತು. ನಾಲ್ಕು ಸಲ ಕೌದಿ ತೀರ್ಪಿನ ಮೇಜಿನ ತನಕ ಬಂತು. ಆ ನಾಲ್ಕನ್ನೂ ಹಿಡಿದವರು ತಂಗಿಯೇ. ನಾಲ್ಕು ಸಲವೂ ಕೇಳಿದ್ದು "ಬಿಡಿ."

ಮನೆಗೆ ಹೋದರೆ ಹೇಳುವಂತಿಲ್ಲ. ನಿಯಮ. ಹಾಗಾಗಿ ಅಕ್ಕ ತಂಗಿಯರು ಒಂದು ಒಪ್ಪಂದ ಮಾಡಿಕೊಂಡಿದ್ದರು. ಆ ಕಡೆಯ ಮನೆಗಳಲ್ಲಿ ಎಲ್ಲರೂ ಓಡಾಡುವುದು ಹಿಂದಿನ ಅಡುಗೆಮನೆಯ ಬಾಗಿಲಿನಿಂದ. ಮುಂಬಾಗಿಲು ಪಾದ್ರಿಗೆ ಮತ್ತು ಹೆಣಕ್ಕೆ. "ಬಾಯಿ ಬಿಡಬೇಡ ಕಣೇ," ಎಂದಿದ್ದರು ಡಾರ್ಲೀನ್. "ಬಿಡಿ ಅಂದಿದ್ರೆ ಯಾವಾಗಿನ ಥರ ಹಿಂದ್ಲಿಂದ ಬಾ. ಇರಲಿ ಅಂದಿದ್ರೆ ಮುಂಬಾಗಿಲಿಂದ ಬಾ. ನಾನು ಅಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ." ಇಪ್ಪತ್ತು ವರ್ಷ ಮುಂಬಾಗಿಲು ತೆರೆಯಲಿಲ್ಲ. ಬಣ್ಣ ಅಂಟಿಕೊಂಡು ಮರ ಉಬ್ಬಿಹೋಯಿತು. ತಂಗಿ ಅಡುಗೆಮನೆಯಿಂದ ಒಳಗೆ ಬಂದಾಗಲೆಲ್ಲ ಅಕ್ಕ ಮುಂದಿನ ಕೋಣೆಯಿಂದ ಕುರ್ಚಿ ಎಳೆದುಕೊಂಡು ಬರುವ ಸದ್ದು ಕೇಳುತ್ತಿತ್ತಂತೆ.

ಹನ್ನೆರಡನೆಯ ಕೌದಿ ಶುರುವಾದಾಗ ಡಾರ್ಲೀನ್ ಕೈ ಚೆನ್ನಾಗಿತ್ತು. ಒಂದು ಅಂಗುಲಕ್ಕೆ ಹನ್ನೆರಡು ಹೊಲಿಗೆ. ನಡುವಿನಿಂದ ಹೊರಕ್ಕೆ ಹೊಲಿಯುತ್ತ ಬಂದ ಹಾಗೆ ಕಾಯಿಲೆಯೂ ಬಂತು. ಹನ್ನೆರಡು ಹತ್ತಾಯಿತು, ಎಂಟಾಯಿತು, ಆರಾಯಿತು. ಹೊಲಿಗೆ ಗೆರೆ ಬಿಟ್ಟು ಅಲೆಯತೊಡಗಿತು. ಮೂರು ಅಂಚು ಮುಗಿಸಿ, ನಾಲ್ಕನೆಯದಕ್ಕೆ ಸೂಜಿ ಚುಚ್ಚಿಟ್ಟು, ಕಳೆದ ನವೆಂಬರಿನಲ್ಲಿ ತೀರಿಕೊಂಡರು. ಮುಂಬಾಗಿಲು ತೆರೆಯಲು ಬಾರದೆ, ಅವರನ್ನೂ ಅಡುಗೆಮನೆಯಿಂದಲೇ ಹೊರಗೆ ತರಬೇಕಾಯಿತು.

ಉಳಿದ ಒಂದು ಅಂಚನ್ನು ಆರ್ವಿಲಾ ಮುಗಿಸಿದರು. ಮಂಗಳವಾರ ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೊಲಿದು ಪಳಗಿದ ಕೈ. ಅವರದೂ ಅಂಗುಲಕ್ಕೆ ಹನ್ನೊಂದು ಹನ್ನೆರಡು. ಹಾಗೆ ಹೊಲಿದರೆ ಎರಡು ಕೈ ಎಂದು ಕುರುಡರಿಗೂ ಗೊತ್ತಾಗುತ್ತಿತ್ತು. ಅದಕ್ಕೇ ಅವರು ಅಕ್ಕನ ಸೋತ ಕೈಯನ್ನೇ ಅನುಕರಿಸಿದರು. ದೊಡ್ಡ ಹೊಲಿಗೆ, ಸಣ್ಣ ಹೊಲಿಗೆ, ಗೆರೆಯಿಂದ ಅಷ್ಟು ಆಚೆ, ಇಷ್ಟು ಈಚೆ. ಆರು ವಾರ ಹಿಡಿಯಿತು.

"ಚೆನ್ನಾಗಿ ಹೊಲಿಯೋದು ಏನೂ ಕಷ್ಟವಲ್ಲ," ಎನ್ನುತ್ತಾರೆ. "ಅವಳ ಥರ ಕೆಟ್ಟದಾಗಿ ಹೊಲಿಯೋಕೆ ಪ್ರಾಣ ಹೋಯ್ತು."

ತೀರಿಹೋದವರ ಕೌದಿಯನ್ನು ಮನೆಯವರು ಕಳಿಸಬಹುದು. ಆದರೆ ಸೂಜಿ ಹಾಕಿದ ಪ್ರತಿ ಕೈಯ ಹೆಸರೂ ಅರ್ಜಿಯಲ್ಲಿರಬೇಕು. ಇಬ್ಬರು ಸೇರಿ ಮಾಡಿದ್ದಕ್ಕೆ ಬೇರೆ ವಿಭಾಗವೇ ಇದೆ. ತಮ್ಮ ಕೆಲಸ ಸೇರಿದ ಕೌದಿಯನ್ನು ಯಾರೂ ಹಿಡಿಯುವಂತಿಲ್ಲ ಎಂಬುದೂ ಇದೆ. ಇಪ್ಪತ್ತಾರು ವರ್ಷದಿಂದ ಇವೆಲ್ಲ ಬಾಯಿಪಾಠವಾಗಿದ್ದ ಆರ್ವಿಲಾ ಅರ್ಜಿಯಲ್ಲಿ ಬರೆದದ್ದು ಡಾರ್ಲೀನ್ ಹೆಸರೊಂದೇ.

"ಹನ್ನೊಂದು ಸಲ ಒಬ್ಬಳೇ ಹೋದೋಳು. ಹನ್ನೆರಡನೇ ಸಲ ತಂಗಿ ಕೈ ಹಿಡ್ಕೊಂಡು ಹೋಗ್ಬೇಕಾ? ನನ್ನ ಕೈ ಅಂತ ನಂಗೆ ಅನ್ನಿಸ್ಲೇ ಇಲ್ಲ. ಅವಳದೇ ಅನ್ಕೊಂಡು ಹೊಲ್ದೆ. ಅದೇ ತಪ್ಪಾಯ್ತು."

ಈ ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ, ಆ ಕೌದಿ ಮೇಜಿಗೆ ಬಂತು. ತೀರ್ಪುಗಾರ್ತಿ ಹೊರ ರಾಜ್ಯದವರು. ಸಣ್ಣ ಆಕೃತಿ, ಕೊರಳಲ್ಲಿ ಕನ್ನಡಕದ ದಾರ. ನಡುಭಾಗದ ಮುಂದೆ ಬಗ್ಗಿ ನಿಂತರು.

"ಬರ್ಕೊಳ್ಳಿ ನೆಡ್ರಾ. ನಡುವಿನ ಹೊಲಿಗೆ, ಈ ವರ್ಷ ನಾನು ನೋಡಿದ್ರಲ್ಲೆಲ್ಲ ಇದೇ ಚೆಂದ." ಮೂರು ಅಂಚುಗಳ ಉದ್ದಕ್ಕೂ ನಡೆದರು. "ಹೊರಗೆ ಬರ್ತಾ ಬರ್ತಾ ಕೈ ಸೋತಿದೆ. ಸೋಲ್ಲಿ ಬಿಡಿ, ಬಿಚ್ಚಿ ತಿದ್ದೋಕೆ ಹೋಗಿಲ್ವಲ್ಲ, ಅದೇ ದೊಡ್ಡದು. ಇರಲಿ."

ಇರಲಿ. ಆರ್ವಿಲಾ ಗೋಡೆಯಂತೆ ನಿಂತಿದ್ದರು. ಬರ್ನೆಟ್‌ರ ಹುಬ್ಬು ಮಾತ್ರ ಮೇಲೆ ಹೋಯಿತು.

ತೀರ್ಪುಗಾರ್ತಿ ಆಗಲೇ ಮುಂದಿನ ಕೌದಿಗೆ ತಿರುಗಬಹುದಿತ್ತು. ಬದಲಿಗೆ ಕನ್ನಡಕ ತೆಗೆದು, ನಾಲ್ಕನೆಯ ಅಂಚಿಗೆ ಮೂಗು ತಾಗುವಷ್ಟು ಬಗ್ಗಿದರು. ಬೆರಳಿನಿಂದ ಎಣಿಸಿದರು. "ಒಂದು ನಿಮಿಷ. ದೊಡ್ಡದು, ದೊಡ್ಡದು, ಸಣ್ಣದು. ದೊಡ್ಡದು, ದೊಡ್ಡದು, ಸಣ್ಣದು. ಈ ಮೂರು ಕಡೆ ಕೈ ನಡುಗಿದೆ. ಇಲ್ಲಿ ನಡುಗಿಲ್ಲ. ಇದು ಎಣಿಸಿ ಹಾಕಿರೋ ನಡುಕ. ಅರ್ಜೀಲಿ ಎಷ್ಟು ಜನ ಇದಾರೆ?"

ನೆಡ್ರಾ ಹಾಳೆ ತಿರುವಿದರು. "ಒಬ್ಬರೇ."

"ಹಾಗಾದ್ರೆ ಇನ್ನೊಬ್ರು ಯಾರು?"

ಯಾರೂ ಉತ್ತರ ಕೊಡಬೇಕಾಗಿರಲಿಲ್ಲ. ಹಿಡಿದವರು ಮಾತಾಡಬಾರದೆಂಬುದೇ ನಿಯಮ. ಸುಮ್ಮನಿದ್ದರೆ ಡಾರ್ಲೀನ್ ಮೋಸ ಮಾಡಿದಂತೆ ಬರೆಯುತ್ತಿದ್ದರು, ಅಷ್ಟೆ.

"ಆ ಕೈ ನಂದು," ಎಂದರು ಆರ್ವಿಲಾ, ಮೂಲೆ ಬಿಡದೆ. "ಅವಳಿಗೆ ಗೊತ್ತಿಲ್ಲ. ಅವಳು ಆಗ್ಲೇ ಹೋಗಿದ್ಲು."

ನೆಡ್ರಾ ಲೇಖನಿ ಕೆಳಗಿಟ್ಟರು. "ಅಯ್ಯೋ ಆರ್ವಿಲಾ, ಏನ್ ಮಾಡ್ಕೊಂಡೆ ಮಾರಾಯ್ತಿ!"

ತೀರ್ಪುಗಾರ್ತಿ ಕನ್ನಡಕ ಮತ್ತೆ ಏರಿಸಿಕೊಂಡರಂತೆ. ಆಮೇಲೆ ಆ ಮೂರಕ್ಷರ ಹಿಂದೆಗೆದುಕೊಂಡರು. ಕೌದಿ ಸ್ಪರ್ಧೆಯಿಂದ ಹೊರಗಾಯಿತು. ನೋಟಕ್ಕೆ ಮಾತ್ರ ಎಂದು ಕೊನೆಯ ಸಾಲಿನಲ್ಲಿ, ಹೊರಗೆ ಹೋಗುವ ಬಾಗಿಲಿನ ಪಕ್ಕ ನೇತುಹಾಕಿದರು. ಆರ್ವಿಲಾರ ಜಾಗಕ್ಕೆ ಅರ್ಧ ಗಂಟೆಯೊಳಗೆ ಬೇರೆಯವರು ಬಂದರು. ಇನ್ನು ಮುಂದೆ ತೀರ್ಪಿನ ದಿನ ಆ ಕೋಣೆಗೆ ಅವರು ಹೋಗುವಂತಿಲ್ಲ. ಕಸ ಎತ್ತಬಹುದು, ಬಿಳಿ ಕೈಗವಸು ತೊಟ್ಟು ನೋಡಲು ಬಂದವರಿಗೆ ಕೌದಿಯ ಬೆನ್ನು ತೋರಿಸಬಹುದು.

"ನೆಡ್ರಾನ ಒಂದೇ ಕೇಳಿದೆ," ಎನ್ನುತ್ತಾರೆ, ಹೊಸ ಅಂಟುಪಟ್ಟಿ ಸುತ್ತುತ್ತ. "ನೀನು ಬರ್ಕೊಂಡಿದ್ಯಲ್ಲ ಆ ಹಾಳೆ, ಅದು ಕೊಡು ಅಂತ. ಅಡ್ಡಗೀಟು ಎಳ್ದಿದ್ರೂ ಪರವಾಗಿಲ್ಲ. ಅಕ್ಕನ ಬಿಸ್ಕತ್ತಿನ ಡಬ್ಬೀಲಿ ಫೋಟೋ ಬೇಡ ಅಂದ ಏಳು ಕಾಗದ, ತೀರ್ಪಿನ ನಾಲ್ಕು ಹಾಳೆ ಇದಾವೆ. ಇದೂ ಅಲ್ಲಿರ್ಲಿ ಅಂತ. ಹೊರಗಾದ ಕೌದಿಗೆ ಹಾಳೆ ಕೊಡೋ ಹಾಗಿಲ್ಲ ಅಂದ್ಲು. ಅಳ್ತಾ ಅಂದ್ಲು, ಪಾಪ. ಅವಳದೇನು ತಪ್ಪು?"

ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ. ಗಾಳಿಯೊಂದಿಗೆ ಜನ ಒಳಗೆ ಬರುತ್ತಾರೆ. ಮೊದಲ ಬಹುಮಾನದ ನೀಲಿ ರಿಬ್ಬನ್ ಇರುವ ಕಡೆ ಗುಂಪು. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಹಲವರಿಗೆ ಕಾಲು ಸೋತಿರುತ್ತದೆ, ನೋಡದೆಯೇ ಹೊರಗೆ ನಡೆಯುತ್ತಾರೆ. ಹನ್ನೊಂದರ ಸುಮಾರಿಗೆ ಒಬ್ಬ ಮುದುಕಿ ಊರುಗೋಲು ಹಿಡಿದು ಡಾರ್ಲೀನ್ ಕೌದಿಯ ಮುಂದೆ ನಿಲ್ಲುತ್ತಾರೆ. ನಾಲ್ಕನೆಯ ಅಂಚನ್ನೇ ತೋರಿಸಿ, "ಅಯ್ಯೋ, ಇಲ್ಲಿ ಎಷ್ಟು ನಡುಗಿದೆ ನೋಡಿ ಈಕೆ ಕೈ. ತುಂಬಾ ನೋವಿತ್ತೇನೋ," ಎನ್ನುತ್ತಾರೆ.

"ಇತ್ತು," ಎನ್ನುತ್ತಾರೆ ಆರ್ವಿಲಾ. ಬಿಳಿ ಕೈಗವಸಿನ ಎರಡು ಬೆರಳಿನಿಂದ ಮೂಲೆ ಎತ್ತಿ ಬೆನ್ನು ತೋರಿಸುತ್ತಾರೆ. ಮುದುಕಿ ಹೋದ ಮೇಲೆ ಮೂಲೆಯನ್ನು ಮೆಲ್ಲಗೆ ಇಳಿಬಿಟ್ಟು, ಕೈಗವಸು ನೇರ ಮಾಡಿಕೊಳ್ಳುತ್ತಾರೆ.

"ಹಿಂದೆ ತಗೊಂಡ್ರು, ಸರಿ," ಎನ್ನುತ್ತಾರೆ. "ಆದ್ರೆ ಅಂದಿದ್ದಂತೂ ಅಂದ್ರು. ನಾನು ಕೇಳಿದೀನಿ. ಮಂಗಳವಾರ ಸಂಜೆ ಮನೆಗೆ ಹೋದಾಗ ಮುಂಬಾಗಿಲಿಂದ್ಲೇ ಒಳಗೆ ಹೋದೆ. ಮೊದಲು ಬಣ್ಣ ಕೆರೀಬೇಕಾಯ್ತು. ಆಮೇಲೆ ಭುಜ ಕೊಟ್ಟು ನೂಕ್ದೆ."