ಕುಂಕುಮ ಹಚ್ಚಿದ ತಂತಿ

ಬಾಣಸವಾಡಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಯಜ್ಞನಾರಾಯಣ. ಕೆ.ಆರ್. ಪುರದ ಕಡೆಯ ಸರ್ಕಾರಿ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಸವೆದು ಸ್ವಯಂ ನಿವೃತ್ತಿ ಪಡೆದವರು. ಅಲ್ಲಿನ ವೆಲ್ಡಿಂಗ್ ಯಂತ್ರಗಳಿಗೆಲ್ಲ ಟೆಂಡರ್ ಕರೆದವರು ಅವರೇ. ಆದರೆ ಒಂದನ್ನೂ ಮುಟ್ಟಿರಲಿಲ್ಲ. ವೆಲ್ಡಿಂಗ್ ಶಾಪಿಗೆ ಹೋಗಿ ನಿಂತರೆ ಫೋರ್‌ಮನ್, "ಸಾರ್, ಕಣ್ಣಿಗೆ ಹೊಡೆಯುತ್ತೆ, ಆಫೀಸಿಗೆ ಹೋಗಿ" ಎಂದು ಸಾಗಹಾಕುತ್ತಿದ್ದನಂತೆ. ಆ ಆಸೆಯನ್ನು ಮನೆಗೆ ಹೊತ್ತು ತಂದವರು, ಶಿವಾಜಿನಗರದ ಗುಜರಿಯಲ್ಲಿ ಹಳೆಯ ಮಿಗ್ ವೆಲ್ಡಿಂಗ್ ಸೆಟ್ಟೊಂದನ್ನು ಹಿಡಿದು ವರಾಂಡದಲ್ಲಿ ನಿಲ್ಲಿಸಿದರು.

ನಾನು ಟಿನ್ ಫ್ಯಾಕ್ಟರಿ ಹತ್ತಿರದ ಕೊರಿಯರ್ ಆಫೀಸಿನಲ್ಲಿ ಕವರು ವಿಂಗಡಿಸುವವನು. ಬೇರೆಯವರ ಕಾಗದಗಳು ವಿಮಾನ ಹತ್ತುತ್ತವೆ, ನಾನು ಸೈಕಲ್ ಹತ್ತುತ್ತೇನೆ. ಯಜ್ಞನಾರಾಯಣರ ದೃಷ್ಟಿಯಲ್ಲಿ ನನ್ನ ವಿದ್ಯಾರ್ಹತೆ ಒಂದೇ: ಹಿಡಿ ಎಂದದ್ದನ್ನು ಹಿಡಿದು ನಿಲ್ಲುವುದು.

"ನೋಡು ಭಾರ್ಗವ, ಈ ಸುರುಳೀಲಿರೋ ತಂತೀನ ರೋಲರ್‌ಗಳು ಕೇಬಲ್ ಒಳಗಿಂದ ಕೈಲಿರೋ ಈ ಗನ್ನಿಗೆ ತಳ್ತವೆ. ತುದೀಲಿ ಆ ತಂತೀನೇ ಕರಗಿ ಕಬ್ಬಿಣನ ಬೆಸೆಯುತ್ತೆ. ಸುತ್ತ ಬರೋ ಗ್ಯಾಸು ಗಾಳಿ ತಾಗದ ಹಾಗೆ ಕಾಯುತ್ತೆ. ಅದಕ್ಕೇ ಫ್ಯಾನ್ ಹಾಕ್ಬೇಡ ಅನ್ನೋದು."

ಬೆವರಿನಲ್ಲಿ ನೆನೆದ ವಿದ್ಯಾರ್ಥಿಯಾಗಿ ನಾನು ತಲೆಯಾಡಿಸುತ್ತಿದ್ದೆ.

ಅವರ ಹೆಂಡತಿ ಕೋಕಿಲಾ ಅವರಿಗೆ ಈ ಕಿಡಿ, ಹೊಗೆ ಸಾಕಾಗಿತ್ತು. ಆಕೆಯ ತಮ್ಮ ಭಗವಂತರಾಯನದು ಲಿಂಗರಾಜಪುರದಲ್ಲಿ ಕಲ್ಯಾಣ ಮಂಟಪ. ಅಲ್ಲಿನ ಮೇಜಿನ ಹಿಂದೆ ಕೂರಲು ನಂಬಿಕಸ್ಥರು ಬೇಕಿತ್ತು. ಅದೇ ಹೊತ್ತಿಗೆ ಯಾರೋ ವರಾಂಡದಿಂದ ಚಪ್ಪಲಿಗಳನ್ನೆಲ್ಲ ಹೊತ್ತೊಯ್ದರು. ಎರಡನ್ನೂ ಸೇರಿಸಿ ಕೋಕಿಲಾ ತೀರ್ಪು ಕೊಟ್ಟರು.

"ವಿಜಯದಶಮಿ ದಿನ ಹತ್ತಕ್ಕೆ ತಮ್ಮ ಬರ್ತಾನೆ. ಅಷ್ಟರೊಳಗೆ ವರಾಂಡಕ್ಕೆ ಗ್ರಿಲ್ಲು, ಬಾಗಿಲು ಎರಡೂ ನಿಂತಿದ್ರೆ ಮಿಷನ್ ಇರಲಿ. ಇಲ್ದಿದ್ರೆ ನೀವು ಮಂಟಪಕ್ಕೆ, ಅದು ಗುಜರಿಗೆ."

ಆಯುಧಪೂಜೆಯ ಹೊತ್ತಿಗೆ ಗ್ರಿಲ್ ನಿಂತಿತ್ತು, ಬಾಗಿಲಷ್ಟೇ ಬಾಕಿ. ಗರಗಸ, ಸುತ್ತಿಗೆಗಳೆಲ್ಲ ಮನೆಯೊಳಗೆ ದೇವರ ಮುಂದೆ ಕೂತವು. ಯಂತ್ರ ಭಾರವೆಂದು ಅದಕ್ಕೆ ವರಾಂಡದಲ್ಲೇ ಪೂಜೆ. ಹೊರಗಿನ ಡಬ್ಬಕ್ಕೆ ಕುಂಕುಮ ಇಟ್ಟರೆ ಸಾಕಿತ್ತು. ಯಜ್ಞನಾರಾಯಣ ಪಕ್ಕದ ಮುಚ್ಚಳ ತೆಗೆದು, "ಎದೆ ಇರೋದು ಇಲ್ಲಿ" ಎನ್ನುತ್ತ ತಂತಿಯ ಸುರುಳಿಗೇ ವಿಭೂತಿ, ಅರಿಶಿನ, ಕುಂಕುಮ ಬಳಿದರು. ನಾನು ಭಕ್ತಿಯಿಂದ ಗಂಟೆ ಬಾರಿಸಿದೆ.

ಮರುದಿನ, ವಿಜಯದಶಮಿಯ ಬೆಳಿಗ್ಗೆ, ಕೋಕಿಲಾ ಹಲಸೂರಿನ ದೇವಸ್ಥಾನಕ್ಕೆ ಹೊರಟರು. ವೆಲ್ಡಿಂಗಿಗೆ ಕೂತ ಗಂಡನಿಗೆ ಕಳ್ಳ ಪಕ್ಕದಲ್ಲೇ ಒಳಗೆ ಹೋದರೂ ಗೊತ್ತಾಗದೆಂದು ಮನೆಗೆ ಬೀಗ ಹಾಕಿಕೊಂಡು ಹೋದರು. ನಾವು ಬಾಗಿಲನ್ನು ಚೌಕಟ್ಟಿಗೆ ಕೂರಿಸಿದೆವು. ಕೀಲು ಹಾಕುವಾಗ ಅದು ಅಲುಗಬಾರದೆಂದು ನಾಲ್ಕೂ ಮೂಲೆಗೆ ಸಣ್ಣ ಬೆಸುಗೆ ಬಿತ್ತು. ಕಳ್ಳರ ಕೈಗೆ ಸಿಗಬಾರದೆಂದು ಕೀಲು ಒಳಗಡೆ, ಹಾಗಾಗಿ ನಾವೂ ಒಳಗಡೆ.

"ಸಾರ್, ಹೊರಗೆ ಹೋಗೋದು?"

"ಗರಗಸದಲ್ಲಿ ಎರಡೆಳೆತ. ಮೂಲೆ ಬಿಟ್ಕೊಳ್ಳುತ್ತೆ."

ಗರಗಸ ಬೀಗದ ಹಿಂದೆ ದೇವರ ಮುಂದಿದೆ ಎಂದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಆದರೂ ಅವರು ಕೀಲಿಗೆ ಗನ್ ಹಿಡಿದರು. ಚಿಟಪಟ ಎಂದು, ಕೆಮ್ಮಿ, ನಿಂತಿತು. ಮುಚ್ಚಳ ತೆಗೆದರೆ ರೋಲರ್ ಹತ್ತಿರ ತಂತಿ ಗುಬ್ಬಚ್ಚಿ ಗೂಡಿನಂತೆ ಸಿಕ್ಕುಬಿದ್ದಿತ್ತು.

ನನ್ನ ಆಫೀಸಿಗೆ ವಿಜಯದಶಮಿಗೂ ರಜೆ ಇಲ್ಲ. ವರಾಂಡದಿಂದಲೇ ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ ಕೆಳಗೆ ನೋಡಿದೆ. ಹಾರಬಹುದಿತ್ತು. ಧೈರ್ಯಶಾಲಿ ಎಂದು ನನ್ನ ಬಯೋಡೇಟಾದಲ್ಲಿ ನಾನೇ ಬರೆದುಕೊಂಡಿದ್ದೆ. ಸದ್ದಿಲ್ಲದೆ ಇಳಿದು ಬಂದೆ.

ಯಜ್ಞನಾರಾಯಣ ಸಿಕ್ಕನ್ನು ಕತ್ತರಿಸಿ, ಗನ್ನಿನ ಕೇಬಲ್ಲಿನಿಂದ ತಂತಿ ಎಳೆದು ನೋಡುತ್ತಿದ್ದರು. ಬೆರಳೆಲ್ಲ ಕೆಂಪು. "ನಾನೇ ಹಚ್ಚಿದ್ದು ಕಣಯ್ಯ. ಒಳಗಿನ ಕೊಳವೆ ತುಂಬ ಕುಂಕುಮ. ಪ್ಲಾಸ್ಟಿಕ್ ಮುಚ್ಚಿ ಧೂಳು ಬೀಳದ ಹಾಗೆ ಇಡ್ಬೇಕಾದ ತಂತಿ ಇದು. ಮೂಲೇಲಿರೋ ನಿನ್ನ ಸೈಕಲ್ ಪಂಪ್ ಕೊಡು."

ಗನ್ನಿನ ಮೂತಿ ಬಿಚ್ಚಿ, ಕೇಬಲ್ ನೆಟ್ಟಗೆ ಚಾಚಿ, ನಾನು ಪಂಪ್ ಒತ್ತುವುದಕ್ಕೂ ಭಗವಂತರಾಯನ ಕಾರು ನಿಲ್ಲುವುದಕ್ಕೂ ಸರಿಹೋಯಿತು. ಅಕ್ಕನನ್ನು ದೇವಸ್ಥಾನದಿಂದಲೇ ಕರೆತಂದಿದ್ದ. ಅವನೆದುರಿಗೇ ಕೇಬಲ್ಲಿನಿಂದ ಕೆಂಪು ಧೂಳು ಹಾರಿತು.

"ಏನ್ ಭಾವ ಇದು? ಗೊತ್ತಿದ್ರೆ ಇಬ್ರಿಗೂ ಕಡ್ಲೇಕಾಯಿ ತರ್ತಿದ್ದೆ."

"ಒಂದು ನಿಮಿಷ ತಡಿ."

"ಹತ್ತಾಯ್ತು, ಸೋತ್ರಿ. ಹನ್ನೊಂದರೊಳಗೆ ಮೇಜಿಗೆ ಕೂರೋ ಮುಹೂರ್ತ. ನೀವು ಬರ್ಲಿಲ್ಲ ಅಂದ್ರೆ ನನ್ನ ಷಡ್ಡಕ ಕಾಯ್ತಾ ಕೂತಿದಾನೆ, ಅವನನ್ನೇ ಕೂರಿಸ್ತೀನಿ."

ಯಜ್ಞನಾರಾಯಣ ಮತ್ತೆ ಯಂತ್ರದ ಕಡೆ ತಿರುಗಿದರು. ಸುರುಳಿಯ ಕೆಂಪಾದ ಸುತ್ತುಗಳನ್ನು ಬಿಚ್ಚಿ ಎಸೆದರು. ಒಳಗಿನ ಹೊಳೆಯುವ ತಂತಿಯನ್ನು ಪೋಣಿಸಿದರು. ಈ ಸಲ ಸದ್ದು ಎಣ್ಣೆಯಲ್ಲಿ ಹಪ್ಪಳ ಬಿಟ್ಟಂತೆ ಒಂದೇ ಸಮ ಬಂತು. ಕೀಲುಗಳು ಕೂತವು. ಕೋಕಿಲಾ ಸೆರಗು ಅಡ್ಡ ಹಿಡಿದು ಕಣ್ಣು ಮರೆಸಿಕೊಂಡರೂ ಅಲ್ಲಿಂದ ಕದಲಲಿಲ್ಲ.

ಆಮೇಲೆ ಸರಳುಗಳ ಸಂದಿನಿಂದ ಬೀಗದಕೈ ಚಾಚಿದರು.

"ಗರಗಸ ತಗೊಳ್ಳಿ, ಕೊಯ್ದು ಬನ್ನಿ ಭಾವ. ಟೈಮ್ ಇದೆ" ಎಂದ ಭಗವಂತರಾಯ.

ಯಜ್ಞನಾರಾಯಣ ಬೀಗದಕೈ ಹಿಡಿದು ಕೀಲನ್ನೇ ನೋಡಿದರು. "ಬಿಸೀಲಿ ಕೊಯ್ದ್ರೆ ಬಾಗಿಲು ಎಳ್ಕೊಂಡು ಸೊಟ್ಟ ಆಗುತ್ತೆ. ತಣ್ಣಗಾಗ್ಬೇಕು."

"ಎಷ್ಟೊತ್ತು?"

"ಹನ್ನೊಂದೂಕಾಲು."

ಅಷ್ಟು ಬೆಸುಗೆ ಆರಲು ಒಂದು ಲೋಟ ಕಾಫಿಯ ಹೊತ್ತು ಸಾಕೆಂದು ನನಗೆ ಗೊತ್ತಿತ್ತು. ನನಗೂ ಆಫೀಸಿತ್ತು. ಆದರೂ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೋಕಿಲಾ ಗಂಡನ ಕೆಂಪು ಬೆರಳುಗಳನ್ನು ನೋಡಿದರು, ಬಾಗಿಲನ್ನು ನೋಡಿದರು.

"ತಣ್ಣಗಾಗ್ಲಿ ಬಿಡೋ" ಎಂದರು ತಮ್ಮನಿಗೆ. "ನೀನು ಹೊರಡು, ಮುಹೂರ್ತ ಮೀರುತ್ತೆ."

ಕಾರು ತಿರುವು ದಾಟಿದ ಮೇಲೆ ಗರಗಸ ಬಂತು. ಬಾಗಿಲು ಸದ್ದಿಲ್ಲದೆ ತೆರೆಯಿತು. ಕೋಕಿಲಾ ಒಳಗೆ ಹೋದರು. ಯಜ್ಞನಾರಾಯಣ ಹೊರಗೆ ಬಂದು ಗೇಟಿನ ತನಕ ನಡೆದು ರಸ್ತೆಯ ಎರಡೂ ಕಡೆ ನೋಡಿದರು. ಹೋಗುವ ಜಾಗವೇನೂ ಇರಲಿಲ್ಲ. ತಿರುಗಿ ಒಳಗೆ ನಿಂತು, ಚಿಲಕ ಸರಿಯಾಗಿ ಕೂರುತ್ತದೋ ಎಂದು ಬಾಗಿಲು ಎಳೆದುಕೊಂಡರು.

ನಾನು ಬೈಗುಳ ತಿನ್ನಲು ಸೈಕಲ್ ಹತ್ತಿದೆ. ಸರಳುಗಳ ಹಿಂದಿನಿಂದ ಕೂಗಿದರು:

"ಹೊರಟ್ಯಾ ಭಾರ್ಗವ? ಆ ಪಂಪ್ ಇಲ್ಲೇ ಬಿಟ್ಟು ಹೋಗು."