ಬೇಸ್‌ಮೆಂಟಿನ ಟಿವಿಯಲ್ಲಿ ಕಂಡವನು

ಬರ್ಲಿಂಗ್ಟನ್ನಿನ ಒಂದು ಮನೆಯ ಬೇಸ್‌ಮೆಂಟಿನಲ್ಲಿ ಮನೆ ಬೆಚ್ಚಗಿಡುವ, ಕೆಟ್ಟುನಿಂತ ಫರ್ನೇಸ್ ಬಿಚ್ಚಿಕೊಂಡು ಕೂತಿದ್ದೆ. ಮನೆಯ ಯಜಮಾನ ಜರ್ಮನಿಯಿಂದ ಬಂದು ಈ ದೇಶದಲ್ಲಿ ನೆಲೆಸಿದ ಮುದುಕ, ಪಕ್ಕದಲ್ಲೇ ಟಿವಿ ಹಚ್ಚಿಕೊಂಡಿದ್ದ. ಅದರಲ್ಲಿ ಕೂಗಾಡುತ್ತಿದ್ದವನ ಭಾಷೆ ತಿಳಿಯದಿದ್ದರೂ ಮುಖ ಗೊತ್ತಿತ್ತು: ವಲಸೆ ಬಂದವರನ್ನೆಲ್ಲ ಜರ್ಮನಿಯಿಂದ ಓಡಿಸುತ್ತೇನೆ ಎನ್ನುವ ಪಕ್ಷದ ಮುಖಂಡ. ಮುದುಕ ರೆಪ್ಪೆ ಬಡಿಯದೆ ನೋಡುತ್ತಿದ್ದ. 'ಲಗೂನ ಮುಗಿಸಿ ಹೊಂಡಪಾ' ಅಂದುಕೊಂಡೆ.

ಆದರೆ ಧಾರವಾಡದ ಬಾಯಿ ಸುಮ್ಮನಿರಬೇಕಲ್ಲ. ಊರಲ್ಲಿ ಕೇಳುವ ಹಾಗೆಯೇ, "ನಿಮ್ಮ ಪೈಕಿಯವರೇನು?" ಎಂದುಬಿಟ್ಟೆ.

"ನನ್ನ ತಮ್ಮನ ಮಗ."

ಸ್ಕ್ರೂಡ್ರೈವರ್ ಕೆಳಗಿಟ್ಟು ಅವನತ್ತ ತಿರುಗಿದೆ.

"ಮೊದಲು ಬರೀ ತೆರಿಗೆಯ ಮಾತಾಡುತ್ತಿದ್ದ, ಎರಡು ಸಲ ಸೋತ. ಹೊರಗಿನವರನ್ನು ಬೈಯತೊಡಗಿದ ಮೇಲೆ ಗೆಲ್ಲುತ್ತಲೇ ಹೋದ. ನಾನೂ ಇಲ್ಲಿ ಹೊರಗಿನವನೇ ಅಲ್ಲವೇನೋ ಅಂತ ಕೇಳಿದೆ. ಅವತ್ತಿನಿಂದ ನನ್ನ ಫೋನ್ ಎತ್ತುವುದಿಲ್ಲ."

ಫರ್ನೇಸ್ ಹಚ್ಚಿದೆ, ಬಿಸಿಗಾಳಿ ಬಂತು. ಅಜ್ಜ ಟಿವಿ ಆರಿಸಿದ. ನನಗೂ ಜೀವ ಬಂದಂತಾಯಿತು.

"ಈ ಫರ್ನೇಸ್ ಬಹಳ ವರ್ಷ ನಡೆಯಬೇಕಪ್ಪ, ನಾನು ಈ ಮನೆ ಬಿಡುವ ಹಾಗಿಲ್ಲ," ಎಂದ ಅಜ್ಜ. "ಇಲ್ಲೂ ಅಂಥವನೊಬ್ಬ ಗೆದ್ದು ನನ್ನನ್ನು ವಾಪಸ್ ಕಳಿಸಿದರೆ, ಅಲ್ಲಿ ನನಗಿರುವುದು ಆ ತಮ್ಮನ ಮಗನ ಮನೆಯೊಂದೇ."

ಇನ್ನೊಮ್ಮೆ ಕೂತು, ಎಲ್ಲ ಸ್ಕ್ರೂ ಬಿಗಿ ಮಾಡಿಯೇ ಎದ್ದೆ.