ಅವ್ವನ ಕೋಣೆಯ ಬಾಗಿಲು

ಹೋದ ವಾರ ತರೀಕೆರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಲು ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಸ್ಪಿರಿಟ್ಟಿನ ವಾಸನೆ ಮೂಗಿಗೆ ಅಡರುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನಾನು ತಿರುಗಿಯೂ ನೋಡದೆ ಅವ್ವನ ರಟ್ಟೆ ಹಿಡಿದು ಎಬ್ಬಿಸಿ ಆಚೆ ಮೂಲೆಯ ಕುರ್ಚಿಗೆ ಸಾಗಿಸಿಬಿಟ್ಟೆ. ಕೆಮ್ಮಿದವರ ಮುಖ ಸಣ್ಣಗಾಯಿತು. “ನಂದು ಬರೀ ಧೂಳಿನ ಕೆಮ್ಮು ಕಣ್ರೀ” ಅಂದರು. “ಇರಬೌದು ಸ್ವಾಮಿ, ನಮ್ಮವ್ವಂಗೆ ಆಗಲ್ಲ” ಅಂದೆ. ಈ ಒಂದು ಮಾತು ಆಡಲು ಕಲಿಯುವಷ್ಟರಲ್ಲಿ ನನಗೆ ಒಂದು ಅಧ್ಯಕ್ಷಗಿರಿ ಖರ್ಚಾಗಿದೆ. ಅವಸರವಿಲ್ಲದಿದ್ದರೆ ಕೂತು ಕೇಳಿ.

ನಾನು ಈರುಳ್ಳಿ ವ್ಯಾಪಾರದವನು. ಅಜ್ಜಂಪುರದ ಸುತ್ತಮುತ್ತ ಹೊಲದ ಮೇಲೇ ಬೆಳೆ ಕೊಂಡು ಲಾರಿ ತುಂಬಿಸುವುದು ಕಸುಬು. ಅಪ್ಪ ಬಿಟ್ಟುಹೋದದ್ದು ಒಂದು ಸೈಕಲ್ಲು. ಮಿಕ್ಕಿದ್ದೆಲ್ಲ ಬಾಯಿಂದ ಸಂಪಾದಿಸಿದ್ದು. ನಿಮಗೂ ಒಂದು ಬುದ್ಧಿಮಾತು, ಪುಕ್ಕಟೆ: ಹೊಲ ನೋಡಲು ಹೋದಾಗ ರಸ್ತೆ ಬದಿಯ ಗಡ್ಡೆ ಕೀಳಬೇಡಿ, ನಡುಮಧ್ಯದ್ದು ಕಿತ್ತು ಕೊಯ್ದು ನೋಡಿ. ರೇಟನ್ನು ಮಾತ್ರ ನೀವು ಮೊದಲು ಹೇಳಬೇಡಿ. ಎದುರಿನವನು ಹೇಳುವ ತನಕ ಬೀಡಿ ಸೇದುತ್ತಾ ಆಕಾಶ ನೋಡಿ. ಇದೇ ಜಾಣತನದಲ್ಲಿ ನಮ್ಮ ಗ್ರಾಮ ಪಂಚಾಯ್ತಿಗೆ ಅಧ್ಯಕ್ಷನೂ ಆದೆ. ಕುರ್ಚಿಗೆ ಹಾಸುವ ಟರ್ಕಿ ಟವಲನ್ನು ಕಡೂರಿಗೆ ಹೋಗಿ ನಾನೇ ಆರಿಸಿ ತಂದೆನೆಂದರೆ ನನ್ನ ಸಂಭ್ರಮ ನಿಮಗೆ ತಿಳಿದೀತು.

ಆ ಟವಲು ಎರಡು ಒಗೆತ ಕಾಣುವಷ್ಟರಲ್ಲಿ ಅವ್ವನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೊದಲ ಸುತ್ತಿನ ಕೀಮೋ ಕೊಟ್ಟು ಮನೆಗೆ ಕಳಿಸುವಾಗ ಡಾಕ್ಟರಮ್ಮ ನನ್ನನ್ನು ಒಬ್ಬನನ್ನೇ ಕರೆದು ಹೇಳಿದರು: “ಇವರ ರಕ್ತದಲ್ಲಿ ಈಗ ಸೋಂಕಿನ ಜೊತೆ ಹೋರಾಡೋ ಶಕ್ತಿ ಇಲ್ಲ. ನಿಮಗೆ ಬರೀ ನೆಗಡಿ ತರೋದು ಇವರ ಜೀವ ತೆಗೆಯತ್ತೆ. ಮೂರು ವಾರ ಹೊರಗಿನವರು ಯಾರೂ ಕೋಣೆ ಒಳಗೆ ಹೋಗಬಾರದು.”

“ಎರಡು ವಾರಕ್ಕೆ ಮುಗಿಸಬೌದಾ ಡಾಕ್ಟ್ರೇ?” ಎಂದು ನನ್ನ ಬಾಯಿ ತಾನಾಗಿ ಕೇಳಿತು.

ಆಕೆ ಕನ್ನಡಕ ತೆಗೆದು, “ಯಾರ ಹತ್ರ ಚೌಕಾಸಿ ಮಾಡ್ತಿದೀರಿ ನೀವು?” ಅಂದರು.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋಗುವುದು ಒಂದು ವ್ರತದ ಹಾಗೆ. ಹೋಗದಿದ್ದರೆ ಮುಂದೆ ಹತ್ತು ವರ್ಷ ಎತ್ತಿ ಆಡುತ್ತಾರೆ. ಬನ್ನು, ಮೋಸಂಬಿ ಹಿಡಿದು ಬರಬೇಕು, ಮಂಚದ ಅಂಚಿನಲ್ಲಿ ಕೂರಬೇಕು, ಕೈ ಹಿಡಿದು “ಎಷ್ಟು ಇಳಿದೋಗಿದೀಯಲ್ಲೇ” ಎಂದು ಕಣ್ಣೊರೆಸಿಕೊಳ್ಳಬೇಕು. ಅದರ ಮೇಲೆ ಅದು ಅಧ್ಯಕ್ಷರ ಮನೆ. ಅವ್ವನ ಕೈ ಬಿಟ್ಟ ಕೂಡಲೇ ನನ್ನ ಕಡೆ ತಿರುಗಿ, “ಹಂಗೇ ನಮ್ಮ ಬೀದಿ ನಲ್ಲಿ ವಿಚಾರ...” ಎಂದು ಶುರು. ಜಗಲಿಯಲ್ಲಿ ಬೆಂಚು ಹಾಕಿಸಿದೆ. ಬಂದವರು ಬೆಂಚಿನ ಕೆಳಗೆ ಚಪ್ಪಲಿ ಬಿಟ್ಟು, ಮೇಲೆ ಚೀಲ ಇಟ್ಟು ಒಳಗೆ ನಡೆದರು. ಬೀರೂರಿನಲ್ಲಿ ಟೀಚರಾಗಿರುವ ನನ್ನ ಹೆಂಡತಿ ಬಾಗಿಲಿಗೆ ಚೀಟಿ ಅಂಟಿಸಿದಳು. ಅದನ್ನು ಜೋರಾಗಿ ಓದಿ, “ಚೆನ್ನಾಗ್ ಬರ್ದವ್ಳೆ” ಎಂದು ಮೆಚ್ಚಿಕೊಂಡು ಒಳಗೆ ಹೋದವರೂ ಇದ್ದರು. ಆದರೂ ಅವಳು ಮನೆಯಲ್ಲಿದ್ದಾಗ ನಾಲ್ಕು ಜನರನ್ನಾದರೂ ತಡೆಯುತ್ತಿದ್ದಳು. ಅವಳು ಶಾಲೆಗೆ ಹೋದ ಮೇಲೆ ಕಾವಲು ನನ್ನದು. ನಾನು ಎಂಥ ಕಾವಲುಗಾರ ಎಂಬುದು ಹನ್ನೊಂದನೆಯ ದಿನ ಗೊತ್ತಾಯಿತು.

ಅವತ್ತು ಬಂದವನು ರುದ್ರಣ್ಣ, ಪಂಚಾಯ್ತಿಯಲ್ಲಿ ನನ್ನ ಜೊತೆಯ ಸದಸ್ಯ. ಅವನು ಹೇಳಿದ ಕಡೆ ಕೈ ಎತ್ತುವ ಮೆಂಬರುಗಳು ಇನ್ನೂ ಮೂವರು. ನನ್ನ ಮೇಲೆ ಅವಿಶ್ವಾಸ ತರುವ ಗುಸುಗುಸು ಆಗಷ್ಟೇ ಎದ್ದಿತ್ತು. ಆ ನಾಲ್ವರು ಆಚೆ ವಾಲಿದರೆ ನನ್ನ ಕುರ್ಚಿ ಹೋಯಿತು. ರುದ್ರಣ್ಣ ಗೇಟಿನಿಂದಲೇ ಕೆಮ್ಮುತ್ತಾ ಬಂದ. ಕಫದ ಕೆಮ್ಮು. ಕಣ್ಣು ಕೆಂಪಗಿತ್ತು.

“ಅವ್ವನ್ ನೋಡ್ಕಂಡು ಹೋಗಣ ಅಂತ ಬಂದೆ ಕಣಪ್ಪಾ. ಬೇಡ ಅಂದ್ರೆ ಇಲ್ಲಿಂದ್ಲೇ ಹೋಯ್ತೀನಿ. ನಾವೇನು ನಿನಗೆ ಬೇಕಾದೋರಾ?”

ನಗುತ್ತಲೇ ಅಂದ. ಆದರೆ ಅದರೊಳಗಿನ ರೇಟು ನನಗೆ ಕೇಳಿಸಿತು. ಒಂದು ಗಳಿಗೆ, ಎರಡೇ ನಿಮಿಷಕ್ಕೆ ಏನಾದೀತು ಎಂದು ಲೆಕ್ಕ ಹಾಕಿ, “ಬಾ ರುದ್ರಣ್ಣ, ನಮ್ಮವನು ನೀನು” ಎಂದು ನಾನೇ ಕೈಯಾರೆ ಬಾಗಿಲು ತೆರೆದೆ. ಅವನು ಕಾಲು ಗಂಟೆ ಕೂತಿದ್ದ.

ಅದಾದ ಮೂರನೆಯ ದಿನ ಮಧ್ಯಾಹ್ನ ಅವ್ವನ ಮೈ ಬಾಣಲೆಯಂತೆ ಸುಡುತ್ತಿತ್ತು. ಬಾಡಿಗೆ ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಓಡಿದೆವು. ಹಿಂದಿನ ಸೀಟಿನಲ್ಲಿ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಅವ್ವನ ಹಲ್ಲು ಕಟಕಟಿಸುವುದು ಇಂಜಿನ್ನಿನ ಸದ್ದು ಮೀರಿ ಕೇಳುತ್ತಿತ್ತು. ಆರು ದಿನ ಗಾಜಿನ ಆಚೆಯಿಂದ ನೋಡಿದೆ. ಪಂಚಾಯ್ತಿಯಿಂದ ಫೋನು ಬರುತ್ತಲೇ ಇತ್ತು: ಯಾವುದೋ ಖಾತೆಗೆ ಸಹಿ, ಯಾವುದೋ ಬೋರಿಗೆ ಪೈಪು. ಏಳನೆಯ ದಿನ ಜ್ವರ ಇಳಿಯಿತು. ಅವತ್ತೇ ತರೀಕೆರೆಗೆ ಬಂದು, ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ರಾಜೀನಾಮೆ ಕೊಟ್ಟೆ. ಗುಮಾಸ್ತರು ಓದಿ, “ವಾಪಸ್ ತಗೊಳ್ಳಕ್ಕೆ ಒಂದಷ್ಟು ದಿನ ಟೈಮಿದೆ, ಯೋಚ್ನೆ ಮಾಡಿ” ಅಂದರು. ಊರಲ್ಲಿ ಎಲ್ಲರದೂ ಒಂದೇ ಪ್ರಶ್ನೆ: “ಮನೇಲಿ ಹೆಂಗಸ್ರು ಇಲ್ವೇನಪ್ಪಾ? ಅವ್ವನ್ ನೋಡ್ಕಳಕ್ಕೆ ಗಂಡಸು ಕುರ್ಚಿ ಬಿಡ್ತಾನಾ?”

ಆ ಮಾತು ಹೇಗೋ ಅವ್ವನ ಕಿವಿಗೂ ಬಿತ್ತು. ಎರಡನೆಯ ಸುತ್ತಿನ ಕೀಮೋಗೆ ಹೊರಡಬೇಕಾದ ಬೆಳಿಗ್ಗೆ, ತಲೆಗೆ ಬಿಗಿದಿದ್ದ ಬಟ್ಟೆ ಬಿಚ್ಚಿ ಮಂಚದ ಮೇಲೆ ಗಟ್ಟಿಯಾಗಿ ಕೂತಳು. ರಾಜೀನಾಮೆ ಕಾಗದ ಹಿಂದಕ್ಕೆ ಪಡೆಯಲು ಕಡೆಯ ದಿನವೂ ಅದೇ.

“ನಾನು ಬರಾಕಿಲ್ಲ” ಅಂದಳು. “ಇವಳ ದೆಸೆಯಿಂದ ಮಗನ್ ಅಧಿಕಾರ ಹೋಯ್ತು ಅಂತ ಅನ್ನಿಸ್ಕಂಡು ನಾನ್ಯಾಕೆ ಬದುಕ್ಲಿ? ತರೀಕೆರೇಲಿ ಇಳ್ದು ಕಾಗ್ದ ವಾಪಸ್ ತಗೋ. ಆಮೇಲೆ ಎಲ್ಲಿಗ್ ಕರೀತೀಯೋ ಬತ್ತೀನಿ.”

ನೋಡಿ, ಚೌಕಾಸಿ ನಾನು ಎಲ್ಲಿಂದ ಕಲಿತೆ ಎಂಬುದು ಅವತ್ತು ತಿಳಿಯಿತು. ಡಾಕ್ಟರಮ್ಮ ಒಂದು ದಿನವೂ ತಡ ಮಾಡಬೇಡಿ ಎಂದಿದ್ದರು. ಹೂಂ ಅಂದು ಕರೆದೊಯ್ದು, ತೆಗೆದುಕೊಂಡೆ ಎಂದು ಸುಳ್ಳು ಹೇಳಿಬಿಡಬಹುದಿತ್ತು; ಆ ಸುಳ್ಳು ನಾಲಿಗೆ ತುದಿಗೆ ಬಂದೂ ಇತ್ತು. ವ್ಯಾಪಾರದ ಚಾಳಿಯಂತೆ ಸುಮ್ಮನೆ ಕೂತೆ. ಅವ್ವನೂ ಸುಮ್ಮನೆ ಕೂತಳು. ಹೊರಗೆ ಡ್ರೈವರು ಎರಡು ಸಲ ಹಾರನ್ ಮಾಡಿದ. ಗಡಿಯಾರ ಎಂಟು ದಾಟಿತು. ಮೊದಲು ಬಾಯಿ ಬಿಟ್ಟವನು ನಾನೇ.

“ಅವ್ವಾ, ನಿಂಗೆ ಜ್ವರ ಬಂದದ್ದು ರುದ್ರಣ್ಣನ ಕೆಮ್ಮಿಂದ. ಅವನಿಗೆ ಕೆಮ್ಮು ಇದ್ದದ್ದು ನಂಗೆ ಗೊತ್ತಿತ್ತು. ಗೊತ್ತಿದ್ದೇ ಒಳಗೆ ಬಿಟ್ಟೆ. ಅವನ ಕಡೆಯೋರು ಕೈ ಬಿಡ್ತಾರೆ ಅಂತ.”

ಅವ್ವ ಕೂದಲಿಲ್ಲದ ತಲೆಯನ್ನು ಸವರಿಕೊಂಡಳು.

“ಗೊತ್ತಿತ್ತು ಕಣೋ” ಅಂದಳು. “ಅವ್ನು ಕೂತಿರೋವಷ್ಟ್ ಹೊತ್ತೂ ನಾನು ಗೋಡೆ ಕಡೆ ಮುಖ ಮಾಡ್ಕಂಡಿದ್ದೆ. ನೀನು ಅವನ ಮುಖಾನೇ ನೋಡ್ತಿದ್ದೆ.”

ನಾನು ತಲೆ ಎತ್ತಲಿಲ್ಲ.

“ಹಂಗಾರೆ ಆ ಕುರ್ಚಿ ಬ್ಯಾಡ ಬಿಡು” ಎಂದು ಬಟ್ಟೆಯನ್ನು ಮತ್ತೆ ತಲೆಗೆ ಸುತ್ತಿಕೊಳ್ಳತೊಡಗಿದಳು. “ಇನ್ನೂ ಯಾಕ್ ಕೂತಿದೀಯ? ಎತ್ಕಳೋ ಬ್ಯಾಗು.”

ಅವತ್ತು ಕಾರು ತರೀಕೆರೆಯಲ್ಲಿ ನಿಲ್ಲಲಿಲ್ಲ. ಆಮೇಲೆ ನಾಲ್ಕು ಸುತ್ತು, ಅಷ್ಟೂ ವಾರ ನಾನೇ ಬಾಗಿಲಲ್ಲಿ ಕೂತೆ. ಗಂಜಿ ಕಾಯಿಸಲು ಕಲಿತೆ, ಬಾಯಿ ಹುಣ್ಣಿಗೆ ಮುಲಾಮು ಹಚ್ಚಲು ಕಲಿತೆ, ಬಂದವರನ್ನು ನಿಷ್ಠುರವಾಗಿ ವಾಪಸ್ಸು ಕಳಿಸಲು ಕಲಿತೆ. ಎಷ್ಟೋ ಜನ ಮಾತು ಬಿಟ್ಟರು. ನಿಮ್ಮ ಮನೆಯಲ್ಲೂ ಇಂಥದ್ದು ಬಂದರೆ ಬಿಡಲಿ ಬಿಡಿ ಅನ್ನುತ್ತೇನೆ. ಆದರೆ ಮೊದಲ ಸಲವೇ ಬಾಗಿಲು ಹಾಕಿ, ನನ್ನ ಹಾಗೆ ಎರಡನೆಯ ಸಲವಲ್ಲ.

ಕಾಯಿಲೆ ಹೋಯಿತು ಎಂದು ಡಾಕ್ಟರಮ್ಮ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಹೋದ ವಾರ ಕೌಂಟರಿನ ಹುಡುಗಿ ಅವ್ವನ ಹೆಸರು ಕೂಗಿ ಲಕೋಟೆ ಕೊಟ್ಟಾಗ ನನ್ನ ಕೈ ಅದನ್ನು ಹರಿಯಲು ಹೊರಟಿತ್ತು. ಅವ್ವ ಕಿತ್ತುಕೊಂಡಳು. “ಹಸಿವಾಗ್ತೈತೆ, ಮೊದ್ಲು ತಿಂಡಿ” ಅಂದಳು.

ಹೋಟೆಲಿನ ಮೇಜಿನ ಮೇಲೆ, ಚಟ್ನಿ ಬಟ್ಟಲಿನ ಪಕ್ಕ ಆ ಲಕೋಟೆ ಹಾಗೇ ಬಿದ್ದಿತ್ತು. ಕೊಯ್ದು ನೋಡದೆ ಒಂದು ಗಡ್ಡೆಯನ್ನೂ ಕೊಳ್ಳದ ನಾನು ಅದನ್ನು ಮುಟ್ಟದೆ ಎರಡು ಇಡ್ಲಿ ತಿಂದೆ. ಅವ್ವ ನಿಧಾನವಾಗಿ ಬೆರಳು ಚೀಪಿ, ಸಪ್ಲೈಯರನ್ನು ಕರೆದು, ಇನ್ನೊಂದು ಪ್ಲೇಟ್ ಹೇಳಿದಳು.